66ರ ಫಿಯಟ್‌ಗೆ ಬರೀ 35 ಸಾವಿರ ಅಂತೆ! ಹಳೆ ಕಾರಿಗೆ ಸರಿಯಾಗಿ ಇನ್ಶೂರೆನ್ಸ್ ಮಾಡಿಸುವುದು ಹೇಗೆ?

ಸ್ಟೀರಿಂಗ್_ಗೇರ್, ಮೈಸೂರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದು ಬಹಳ ದಿನದಿಂದ, ಬರೆಯುತ್ತಿರುವುದು ಇದೇ ಮೊದಲು.

ನಮ್ಮ ತಂದೆಯವರದ್ದು 1966ರ ಫಿಯಟ್ 1100 ಡಿಲೈಟ್. 1974ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ನಂಬರ್ ಇನ್ನೂ ಮೈಸೂರು ರಾಜ್ಯದ ಕಾಲದ್ದೇ, ಎಂವೈ ಅಂತ ಶುರುವಾಗುತ್ತದೆ. ಹನ್ನೊಂದು ವರ್ಷ ಷೆಡ್ಡಿನಲ್ಲಿ ನಿಂತಿತ್ತು. ಅಪ್ಪ ಹೋದ ಮೇಲೆ ಅದನ್ನು ಹಾಗೇ ನೋಡಿಕೊಂಡಿರಲು ಆಗಲಿಲ್ಲ, ಈಚೆಗೆ ತಳ್ಳಿಸಿದೆ. 14 ತಿಂಗಳು ಟಿಂಕರಿಂಗ್, ಪೇಂಟಿಂಗ್, ಇಂಜಿನ್ ಬೋರಿಂಗ್, ಸೀಟು, ವೈರಿಂಗ್. ಖರ್ಚು 4 ಲಕ್ಷದ 80 ಸಾವಿರ. ಹೆಂಡತಿಗೆ ಹೇಳಿರುವುದು 3 ಲಕ್ಷ. ಅವಳು ಈ ಕಡೆ ಬರುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಈಗ ಇನ್ಶೂರೆನ್ಸ್ ಕಥೆ ಕೇಳಿ. ಆನ್‌ಲೈನಿನಲ್ಲಿ ಮಾಡಿಸೋಣ ಅಂತ ಕೂತರೆ ನಮ್ಮ ನಂಬರನ್ನೇ ಅದು ಒಪ್ಪುವುದಿಲ್ಲ, "ಸರಿಯಾದ ನಂಬರ್ ಹಾಕಿ" ಅನ್ನುತ್ತದೆ. ಪರಿಚಯದ ಏಜೆಂಟರಿಗೆ ಫೋನ್ ಮಾಡಿದೆ. "ಥರ್ಡ್ ಪಾರ್ಟಿ ಹಾಕಿಸಿಬಿಡಿ ಸರ್, ಇದಕ್ಕೆಲ್ಲ ಫುಲ್ ಇನ್ಶೂರೆನ್ಸ್ ಯಾಕೆ" ಅಂದರು. ಥರ್ಡ್ ಪಾರ್ಟಿ ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ, ನಮ್ಮ ಕಾರಿಗೆ ಏನೂ ಸಿಗುವುದಿಲ್ಲ. ಬಿಡದೆ ಕೇಳಿದ್ದಕ್ಕೆ ಸಂಜೆ ಕೊಟೇಶನ್ ಕಳಿಸಿದರು. ಐಡಿವಿ, ಅಂದರೆ ಕಾರಿಗೆ ಕಂಪನಿ ಕಟ್ಟುವ ಬೆಲೆ, ಬರೀ 35,000 ರೂಪಾಯಿ! ಸೀಟಿನ ಕೆಲಸಕ್ಕೇ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೇನೆ.

ಹಳೆ ಕಾರು ಇಟ್ಟುಕೊಂಡಿರುವವರು ಏನು ಮಾಡುತ್ತೀರಿ? ದಯವಿಟ್ಟು ತಿಳಿಸಿ.

ಜೆಸಿ_ರೋಡ್_ಜೀವಿ, ಬೆಂಗಳೂರು

ಮೊದಲು ಫೋಟೋ ಹಾಕಿ ಗುರು, ಆಮೇಲೆ ಇನ್ಶೂರೆನ್ಸ್.

ನನ್ನದು 85ರ ಪದ್ಮಿನಿ. ಥರ್ಡ್ ಪಾರ್ಟಿ ಮಾತ್ರ. ಭಾನುವಾರ ಬೆಳಗ್ಗೆ ತಿಂಡಿಗೆ ಹೋಗಿ ಬರುವುದು, ಅಷ್ಟೇ ಓಡಾಟ. ಫುಲ್ ಇನ್ಶೂರೆನ್ಸಿಗೆ ಕೊಡುವ ದುಡ್ಡನ್ನು ಪಕ್ಕಕ್ಕಿಟ್ಟರೆ ವರ್ಷಕ್ಕೊಂದು ಡೋರ್ ಟಿಂಕರಿಂಗ್ ಮಾಡಿಸಬಹುದು. ನಿಮ್ಮ ಏಜೆಂಟ್ ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ರಿಟೈರ್ಡ್_ಸರ್ವೇಯರ್, ದಾವಣಗೆರೆ

ಜೀವಿಯವರೇ, ಡೋರ್ ಹೋದರೆ ನಿಮ್ಮ ಲೆಕ್ಕ ಸರಿ. ಕಾರೇ ಹೋದರೆ?

ಮೈಸೂರಿನ ಸರ್, 28 ವರ್ಷ ಇನ್ಶೂರೆನ್ಸ್ ಕ್ಲೈಮಿಗೆ ಗಾಡಿಗಳ ಸರ್ವೇ, ಅಂದರೆ ನಷ್ಟದ ಅಂದಾಜು, ಮಾಡಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿರಲಿ.

ಐಡಿವಿ ಅಂದರೆ ಕಾರು ಕಳುವಾದರೆ ಅಥವಾ ರಿಪೇರಿ ಆಗದಷ್ಟು ಹಾಳಾದರೆ ಕಂಪನಿ ಕೊಡುವ ಹೆಚ್ಚೆಂದರೆ ಮೊತ್ತ. ಹೊಸ ಕಾರಿಗೆ ಇದಕ್ಕೊಂದು ಪಟ್ಟಿ ಇದೆ. ಶೋರೂಮ್ ಬೆಲೆಯಲ್ಲಿ ಮೊದಲ ಆರು ತಿಂಗಳಿಗೆ 5 ಪರ್ಸೆಂಟ್ ಕಳೆಯುತ್ತಾರೆ, ನಾಲ್ಕರಿಂದ ಐದು ವರ್ಷದ ಕಾರಿಗೆ 50 ಪರ್ಸೆಂಟ್. ಐದು ವರ್ಷ ದಾಟಿದ ಮೇಲೆ ಪಟ್ಟಿಯೇ ಇಲ್ಲ! ಕಂಪನಿ ಮತ್ತು ಗಾಡಿಯ ಮಾಲೀಕ ಮಾತಾಡಿ ಒಪ್ಪಿಕೊಂಡದ್ದೇ ಬೆಲೆ. ತಯಾರಿಕೆ ನಿಂತುಹೋದ ಮಾಡೆಲ್‌ಗೂ ಇದೇ ರೀತಿ. 2002ರ ಮೋಟಾರ್ ಟ್ಯಾರಿಫ್‌ನಲ್ಲೇ (ಗಾಡಿ ಇನ್ಶೂರೆನ್ಸಿನ ನಿಯಮ, ದರಗಳ ಪುಸ್ತಕ) ಹೀಗೆ ಬರೆದಿದೆ. ಹಾಗಾಗಿ ಆ 35 ಸಾವಿರ ಯಾವ ಕಾನೂನಿನ ಲೆಕ್ಕವೂ ಅಲ್ಲ. ಯಾರೋ ಸುಮ್ನೆ ಹಾಕಿದ ಅಂಕಿ. ನೀವು ಸಹಿ ಹಾಕಿದರೆ "ಒಪ್ಪಿಕೊಂಡ" ಬೆಲೆ ಆಗಿಬಿಡುತ್ತದೆ, ಎಚ್ಚರ.

ಐಡಿವಿ ಕಮ್ಮಿ ಇದ್ದರೆ ಪ್ರೀಮಿಯಂ ಕಮ್ಮಿ ಅಂತ ಖುಷಿಪಡುವವರು ಒಂದು ಮಾತು ಮರೆಯುತ್ತಾರೆ. ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದರೆ ಕಾರನ್ನು ಟೋಟಲ್ ಲಾಸ್ ಅಂತ ಬರೆಯುತ್ತೇವೆ. 35 ಸಾವಿರಕ್ಕೆ 75 ಪರ್ಸೆಂಟ್ ಎಷ್ಟು? 26,250. ಆಟೋದವನು ಬಂದು ಮುಂದಕ್ಕೆ ಗುದ್ದಿದ ಅಂತಿಟ್ಟುಕೊಳ್ಳಿ. ಒಂದು ಫೆಂಡರ್, ಬಾನೆಟ್, ಹೆಡ್‌ಲ್ಯಾಂಪ್ ರಿಮ್, ಮೇಲೆ ಅರ್ಧ ಕಾರಿಗೆ ಪೇಂಟ್. 26 ಸಾವಿರ ದಾಟುವುದಿಲ್ವಾ? ದಾಟಿತು ಅಂದರೆ ಗುಂಡುಕಲ್ಲಿನ ಹಾಗಿರುವ ಕಾರು ಕಾಗದದಲ್ಲಿ ಸತ್ತುಹೋಯಿತು. ನಾನೇ ಅಂಥ ಎಷ್ಟೋ ರಿಪೋರ್ಟ್ ಬರೆದಿದ್ದೇನೆ, ಬೇಜಾರಿನಿಂದಲೇ.

ಇನ್ನು ಸಣ್ಣ ಕ್ಲೈಮ್ ವಿಚಾರ. ಐಡಿವಿ ಎಷ್ಟೇ ಇರಲಿ, ಹತ್ತು ವರ್ಷ ದಾಟಿದ ಕಾರಿನ ಲೋಹದ ಪಾರ್ಟ್‌ಗೆ ಅರ್ಧ ಕಡಿತ. ರಬ್ಬರು, ಪ್ಲಾಸ್ಟಿಕ್, ಟಯರು, ಬ್ಯಾಟರಿಗೂ ಅರ್ಧ. ಗಾಜಿಗೆ ಕಡಿತ ಇಲ್ಲ. ಕೂಲಿಗೂ ಇಲ್ಲ. ಹಳೆ ಕಾರಿನವರಿಗೆ ಇದು ಒಳ್ಳೆಯ ಸುದ್ದಿ, ಯಾಕೆಂದರೆ ನಮ್ಮ ಬಿಲ್ಲಿನಲ್ಲಿ ಪಾರ್ಟ್‌ಗಿಂತ ಸುತ್ತಿಗೆ ಕೆಲಸವೇ ಜಾಸ್ತಿ. ಟಿಂಕರಿಂಗ್ ಕೂಲಿ ಬೇರೆ, ಸಾಮಾನು ಬೇರೆ ಅಂತ ಬರೆಸಿಕೊಳ್ಳಿ. "ಒಟ್ಟು ಕೆಲಸ 40 ಸಾವಿರ" ಅಂತ ಬಿಳಿ ಹಾಳೆಯಲ್ಲಿ ಬರೆದು ತಂದರೆ ಸರ್ವೇಯರ್ ಏನು ತಾನೆ ಮಾಡಬೇಕು? ಗುಜರಿಯಿಂದ ತಂದ ಪಾರ್ಟ್‌ಗೂ ಒಂದು ರಸೀದಿ ಇರಲಿ.

ಕುಂದಾಪುರದ_ಅಂಬಿ

ಸರ್ವೇಯರ್ ಸರ್ ಹೇಳಿದ್ದು ನನ್ನ ಮೇಲೇ ನಡೆದದ್ದು ಮಾರಾಯ್ರೆ.

ಮಾರ್ಕ್ 2 ಅಂಬಾಸಿಡರ್. ಅಜ್ಜನದ್ದು. ಐಡಿವಿ 60 ಸಾವಿರ ಹಾಕಿದ್ದರು, ನಾನು ನೋಡಿಯೇ ಇರಲಿಲ್ಲ. ಜುಲೈ ತಿಂಗಳ ಒಂದು ರಾತ್ರಿ ಗಾಳಿಮಳೆಗೆ ಹಲಸಿನ ಮರದ ಕೊಂಬೆ ಮುರಿದು ಬಾನೆಟ್ ಮೇಲೆ ಬಿತ್ತು. ಬೆಳಗ್ಗೆ ನೋಡಿದರೆ ಬಾನೆಟ್ ನಡುವೆ ತೊಟ್ಟಿಲಿನ ಹಾಗೆ ತಗ್ಗು, ಅದರಲ್ಲಿ ನೀರು ನಿಂತಿದೆ, ಎರಡು ಎಳೆ ಹಲಸಿನಕಾಯಿ ತೇಲುತ್ತಿವೆ. ಗ್ರಿಲ್ಲು, ಒಂದು ಫೆಂಡರ್, ಮುಂದಿನ ಗಾಜು ಹೋಗಿತ್ತು. ಇಂಜಿನ್ ಒಂದೇ ಸೆಲ್ಫ್‌ಗೆ ಸ್ಟಾರ್ಟ್!

ಗ್ಯಾರೇಜಿನ ಎಸ್ಟಿಮೇಟ್ 52 ಸಾವಿರ ಬಂತು. 60ರಲ್ಲಿ 75 ಪರ್ಸೆಂಟ್ ಅಂದರೆ 45. ಟೋಟಲ್ ಲಾಸ್ ಅಂದರು. ಕಾರು ನಾನೇ ಇಟ್ಟುಕೊಳ್ಳುತ್ತೇನೆ ಅಂದೆ. ಹಾಗಾದರೆ ಗುಜರಿ ಬೆಲೆ ಅಂತ 25 ಸಾವಿರ ಕಳೆದು ಕೊಡುತ್ತೇವೆ, ಆರ್‌ಸಿ ಕ್ಯಾನ್ಸಲ್ ಮಾಡಿಸಿ ತನ್ನಿ ಅಂದರು. ಆರ್‌ಸಿ ಹೋದ ಮೇಲೆ ಅಂಗಳದಲ್ಲಿ ಇಟ್ಟುಕೊಂಡು ಪೂಜೆ ಮಾಡುವುದಾ? ಕ್ಲೈಮ್ ವಾಪಸ್ ತೆಗೆದುಕೊಂಡೆ. ಕೈಯಿಂದಲೇ ಹಾಕಿ ರಿಪೇರಿ ಮಾಡಿಸಿದೆ. ಎಂಟು ವರ್ಷ ಕಟ್ಟಿದ ಪ್ರೀಮಿಯಂ ನೀರಿನಲ್ಲಿ ಹೋಮ.

ಜೆಸಿ_ರೋಡ್_ಜೀವಿ, ಬೆಂಗಳೂರು

ನಾನು ಹೇಳಿದ್ದೂ ಅದೇ ಅಲ್ವಾ? ಫುಲ್ ಇನ್ಶೂರೆನ್ಸ್ ಇದ್ದೂ ಕೈಯಿಂದಲೇ ಹೋಯಿತು.

ರಿಟೈರ್ಡ್_ಸರ್ವೇಯರ್, ದಾವಣಗೆರೆ

ಇಲ್ಲ ಸ್ವಾಮಿ. ಅಂಬಿಯವರ ಐಡಿವಿ 3 ಲಕ್ಷ ಇದ್ದಿದ್ದರೆ 52 ಸಾವಿರ ಬರೀ ರಿಪೇರಿ ಕ್ಲೈಮ್. ಕಡಿತ ಹೋಗಿ ಮೂವತ್ತು ಸಾವಿರದ ಆಸುಪಾಸು ಬರುತ್ತಿತ್ತು, ಆರ್‌ಸಿ ಮಾತೇ ಏಳುತ್ತಿರಲಿಲ್ಲ. ತಪ್ಪು ಫುಲ್ ಇನ್ಶೂರೆನ್ಸಿನದ್ದಲ್ಲ, ಆ 60 ಸಾವಿರದ್ದು.

ನಿಮಗೆ ಪ್ರೀಮಿಯಂ ಹೊರೆ ಅನಿಸಿದರೆ ಥರ್ಡ್ ಪಾರ್ಟಿ ಜೊತೆ ಬೆಂಕಿ ಮತ್ತು ಕಳ್ಳತನಕ್ಕೆ ಮಾತ್ರ ಕವರ್ ತೆಗೆದುಕೊಳ್ಳಬಹುದು. ಏಜೆಂಟರು ಅದನ್ನು ತಾವಾಗಿ ಹೇಳುವುದಿಲ್ಲ. ಹಳೆ ಕಾರಿನ ಬಟ್ಟೆ ಸುತ್ತಿದ ವೈರು, ಸೋರುವ ಪೆಟ್ರೋಲ್ ಪೈಪು ನೆನೆದರೆ ಬೆಂಕಿ ಕವರ್ ಇಲ್ಲದೆ ನನಗೆ ನಿದ್ದೆ ಬರುವುದಿಲ್ಲ. ಆದರೆ ಅದರಲ್ಲಿ ನೆರೆ ನೀರು ಸೇರುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟಿನಲ್ಲಿ ಮುಳುಗಿದ ಕಾರುಗಳನ್ನು ನೋಡಿದ್ದೀರಲ್ಲ.

ಸ್ಟೀರಿಂಗ್_ಗೇರ್, ಮೈಸೂರು

ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು ಪ್ರಶ್ನೆ. ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿದರೆ ಇನ್ಶೂರೆನ್ಸ್ ಸುಲಭ ಆಗುತ್ತದೆ ಅಂತ ಒಬ್ಬರು ಹೇಳಿದರು. ನಿಜವಾ?

ಮೋರಿಸ್_38, ಬೆಂಗಳೂರು

ಇದು ನನ್ನ ವಿಷಯ. 1938ರ ಮೋರಿಸ್ 8 ಇದೆ.

"ವಿಂಟೇಜ್" ಅನ್ನುವ ಮಾತಿಗೆ ಆರ್‌ಟಿಓದಲ್ಲಿ ಒಂದು ಅರ್ಥ, ಇನ್ಶೂರೆನ್ಸ್ ಆಫೀಸಿನಲ್ಲಿ ಇನ್ನೊಂದು. ಎಲ್ಲ ಗೊಂದಲ ಅಲ್ಲಿಂದಲೇ.

ಆರ್‌ಟಿಓ ಲೆಕ್ಕ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮ. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಸ್ವಂತಕ್ಕೆ ಇಟ್ಟುಕೊಂಡಿರಬೇಕು. ನಿಮ್ಮ 66ರ ಡಿಲೈಟ್ ಇದರಲ್ಲಿ ಬರುತ್ತದೆ. ಶುಲ್ಕ 20 ಸಾವಿರ, ಹತ್ತು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ 5 ಸಾವಿರ. ಹೊಸದಾಗಿ ರಿಜಿಸ್ಟರ್ ಆಗುವ ಗಾಡಿಗೆ ವಿಎ ಅಂತ ಬೇರೆ ನಂಬರ್ ಕೊಡುತ್ತಾರೆ, ಆಗಲೇ ರಿಜಿಸ್ಟರ್ ಆಗಿರುವವರು ಹಳೆ ನಂಬರ್ ಉಳಿಸಿಕೊಳ್ಳಬಹುದು. ನಿಮ್ಮ ಎಂವೈ ಎಲ್ಲಿಗೂ ಹೋಗುವುದಿಲ್ಲ.

ಲಾಭ ಏನಪ್ಪಾ ಅಂದರೆ, ವಿಂಟೇಜ್ ಅಂತ ರಿಜಿಸ್ಟರ್ ಆದ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧ. 2022ರ ಜೂನ್‌ನಿಂದ ಬಂದ ದರದಲ್ಲಿ 1000 ಸಿಸಿ ಒಳಗಿನ ಕಾರಿಗೆ 2,094 ರೂಪಾಯಿ, ನಿಮ್ಮ 1089 ಸಿಸಿ ಇಂಜಿನ್‌ಗೆ 3,416. ಅದರ ಅರ್ಧ 1,708. ನಷ್ಟ ಅಂದರೆ ದಿನದ ಓಡಾಟಕ್ಕೆ ತೆಗೆಯುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಧರ್ಮಸ್ಥಳಕ್ಕೆ ದರ್ಶನಕ್ಕೆ ಅಂತ ಇದರಲ್ಲೇ ಹೊರಟರೆ ತೊಂದರೆ. ಅಲ್ಲಿನ ಕಾರ್ ಮ್ಯೂಸಿಯಂ ನೋಡಲು ಬಂದೆ ಅಂದರೂ ಪೊಲೀಸರು ನಂಬುವುದಿಲ್ಲ.

ಇನ್ಶೂರೆನ್ಸ್ ಟ್ಯಾರಿಫ್‌ನ "ವಿಂಟೇಜ್" ಬೇರೆ. 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾಗಿರಬೇಕು, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ ಸರ್ಟಿಫಿಕೇಟ್ ಕೊಟ್ಟಿರಬೇಕು. ಅಂಥ ಕಾರಿಗೆ ಮಾತ್ರ "ಒಪ್ಪಂದದ ಬೆಲೆ" ಪಾಲಿಸಿ. ಕಾರು ಪೂರ್ತಿ ಹೋದರೆ ಬರೆದಷ್ಟೂ ದುಡ್ಡು, ಸವಕಳಿ ಅಂತ ಕಳೆಯುವ ಹಾಗಿಲ್ಲ. ಜೊತೆಗೆ ಸ್ವಂತ ಡ್ಯಾಮೇಜ್ ಪ್ರೀಮಿಯಂನಲ್ಲಿ, ಅಂದರೆ ನಮ್ಮ ಕಾರಿನ ನಷ್ಟಕ್ಕೆ ಕಟ್ಟುವ ಭಾಗದಲ್ಲಿ, 25 ಪರ್ಸೆಂಟ್ ರಿಯಾಯಿತಿ. ನನ್ನ ಮೋರಿಸ್‌ಗೆ ಸಿಕ್ಕಿದೆ. ನಿಮ್ಮ ಫಿಯಟ್ ಈ ಲೆಕ್ಕದಲ್ಲಿ ಇನ್ನೂ ಪಡ್ಡೆ ಹುಡುಗ. ನಿಮಗೆ ಸರ್ವೇಯರ್ ಸರ್ ಹೇಳಿದ ದಾರಿಯೇ.

ಬರ್ಮಿಂಗ್‌ಹ್ಯಾಮ್_ಬಸವ

ಇಲ್ಲಿ ಇಂಗ್ಲೆಂಡಿನಲ್ಲಿ ಈ ಒಪ್ಪಂದದ ಬೆಲೆ ಎಲ್ಲ ಹಳೆ ಕಾರಿಗೂ ಸಿಗುತ್ತದೆ, 1940ರ ಗೆರೆ ಇಲ್ಲ. ನನ್ನದು 1973ರ ಎಂಜಿಬಿ ಜಿಟಿ. ಒಳಗೆ, ಹೊರಗೆ, ಅಡಿಯಲ್ಲಿ, ಇಂಜಿನ್, ಮೀಟರ್, ಎಲ್ಲದರ ಫೋಟೋ ಮತ್ತು ಕ್ಲಬ್ಬಿನವರ ಬೆಲೆಪತ್ರ ಕಳಿಸಿದ್ದೆ. ಬದಲಿಗೆ ವರ್ಷಕ್ಕೆ 3,000 ಮೈಲಿ ದಾಟಬಾರದು, ಓಡಾಟಕ್ಕೆ ಬೇರೆ ಕಾರು ಇರಬೇಕು, ರಾತ್ರಿ ಗ್ಯಾರೇಜಿನಲ್ಲಿ ಇರಬೇಕು ಅಂತ ಷರತ್ತು. ಇಲ್ಲೂ ಒಂದು ಗುಂಡಿ ಇದೆ. ಬೆಲೆಪತ್ರವನ್ನು ಆಗಾಗ ಹೊಸದು ಮಾಡಿಸದಿದ್ದರೆ ಒಪ್ಪಂದ ಬಿದ್ದುಹೋಗಿ ಮಾರ್ಕೆಟ್ ಬೆಲೆಗೆ ಇಳಿಯುತ್ತದೆ. ನಾನು ಒಂದು ವರ್ಷ ಮರೆತಿದ್ದೆ. ಸದ್ಯ, ಏನೂ ಆಗಲಿಲ್ಲ.

ಮದುವೆ_ಮೆರವಣಿಗೆ

ಸುಮ್ನೆ ಕೇಳುತ್ತಿದ್ದೇನೆ. ನನ್ನ ಬಿಳಿ ಅಂಬಾಸಿಡರನ್ನು ಮದುವೆಗೆ, ಶೂಟಿಂಗಿಗೆ ಆಗಾಗ ಕೊಡುತ್ತೇನೆ. ಪೆಟ್ರೋಲ್ ಖರ್ಚು ಅಂತ ಏನೋ ಸ್ವಲ್ಪ ಕೊಡುತ್ತಾರೆ. ಇನ್ಶೂರೆನ್ಸಿಗೆ ತೊಂದರೆ ಇಲ್ಲ ತಾನೆ?

ರಿಟೈರ್ಡ್_ಸರ್ವೇಯರ್, ದಾವಣಗೆರೆ

ಇದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವ ಹಾಗಿಲ್ಲ ಅಂತ ಸ್ಪಷ್ಟವಾಗಿದೆ. ಹೂವಿನ ಅಲಂಕಾರದ ಸಮೇತ ಗುದ್ದಿದ ಕಾರಿನ ಫೋಟೋ ಬಂದರೆ ಸರ್ವೇಯರ್ ಮೊದಲು ಕೇಳುವುದೇ ಅದನ್ನು. ರೇಸು, ವೇಗದ ಪರೀಕ್ಷೆಗೂ ಕವರ್ ಇಲ್ಲ. ಭಾನುವಾರ ಸಾಲಾಗಿ ಹೋಗಿ ದೋಸೆ ತಿಂದು ಬರುವುದು ರೇಸಲ್ಲ, ಗಾಬರಿ ಬೇಡ. ಆದರೆ ಟೈಮ್ ಇಟ್ಟು ಓಡಿಸುವ ರ‍್ಯಾಲಿಗೆ ಹೆಸರು ಕೊಡುವ ಮೊದಲು ಕಂಪನಿಯಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ಹೆರಾಲ್ಡ್_ಅಮ್ಮ, ಧಾರವಾಡ

ತಮ್ಮಾ ಮೈಸೂರು, ಎಲ್ಲರೂ ನಿಯಮ ಹೇಳಿದರು, ಮಾಡಿಸುವುದು ಹೇಗೆ ಅಂತ ನಾನು ಹೇಳುತ್ತೇನೆ ನೋಡಪ್ಪ.

ನಮ್ಮದು 1968ರ ಸ್ಟ್ಯಾಂಡರ್ಡ್ ಹೆರಾಲ್ಡ್. ಯಜಮಾನರ ಕಾರು. ಅದರ ಬಾನೆಟ್ ಗೊತ್ತಲ್ಲ, ಫೆಂಡರು, ದೀಪ ಎಲ್ಲ ಸೇರಿ ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆಯುತ್ತದೆ. ಒಂದು ಪೆಟ್ಟು ಬಿದ್ದರೆ ಅರ್ಧ ಕಾರು ಹೋದ ಹಾಗೆ. 40 ಸಾವಿರ ಐಡಿವಿ ಇಟ್ಟುಕೊಂಡು ನಾನೇನು ಮಾಡಲಿ?

ಏಜೆಂಟರನ್ನು ಬಿಟ್ಟೆ. ಸರ್ಕಾರಿ ಕಂಪನಿಯೊಂದರ ಡಿವಿಜನಲ್ ಆಫೀಸಿಗೆ ನಾನೇ ಹೋದೆ. ಮೊದಲ ದಿನ ಕೌಂಟರಿನ ಹುಡುಗ "ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಆಂಟಿ" ಅಂದ. ಕಂಪ್ಯೂಟರಿಗೆ ಹೇಳುವವರು ಯಾರೋ ಅವರನ್ನು ಕರಿ ಅಂದೆ. ಪಾಲಿಸಿ ಒಪ್ಪುವ ಅಧಿಕಾರ ಇರುವುದು ಅಂಡರ್‌ರೈಟರ್‌ಗೆ, ಕೌಂಟರಿಗಲ್ಲ. ಅವರು ಒಳಗೆ ಕೂತಿರುತ್ತಾರೆ. ಲೈಸೆನ್ಸ್ ಇರುವ ಸರ್ವೇಯರ್ ಹತ್ತಿರ ಬೆಲೆಪತ್ರ ಮಾಡಿಸಿ ತನ್ನಿ ಅಂದರು. ಸರ್ವೇಯರ್ ಮನೆಗೇ ಬಂದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದರು, ಮ್ಯಾಟ್ ಎತ್ತಿಸಿ ನೆಲದ ತಗಡು ನೋಡಿದರು, ಬಿಲ್ಲುಗಳನ್ನೆಲ್ಲ ಒಂದೊಂದಾಗಿ ಬರೆದುಕೊಂಡರು. ಅದೇ ಮಾಡೆಲ್ ಈಚೆಗೆ ಮಾರಾಟಕ್ಕಿದ್ದ ಮೂರು ಜಾಹೀರಾತು ನಾನು ಪ್ರಿಂಟ್ ತೆಗೆದು ಇಟ್ಟಿದ್ದೆ. 3 ಲಕ್ಷಕ್ಕೆ ಒಪ್ಪಿದರು. ಪಾಲಿಸಿ ಕಾಗದದಲ್ಲಿ ಆ ಅಂಕಿ ಕಣ್ಣಾರೆ ನೋಡಿದ ಮೇಲೇ ಚೆಕ್ ಕೊಟ್ಟೆ. ಈಗ ರಿನ್ಯೂವಲ್ ಒಂದು ದಿನವೂ ತಪ್ಪಿಸುವುದಿಲ್ಲ. ತಪ್ಪಿದರೆ ಮತ್ತೆ ಇನ್‌ಸ್ಪೆಕ್ಷನ್, 90 ದಿನ ದಾಟಿದರೆ ನೋ ಕ್ಲೈಮ್ ಬೋನಸ್ಸೂ (ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಹೋಗುತ್ತದೆ.

ಅಂದ ಹಾಗೆ, "ಅಪ್ಪ ಹೋದ ಮೇಲೆ" ಅಂದಿಯಲ್ಲ. ಆರ್‌ಸಿ ಯಾರ ಹೆಸರಲ್ಲಿದೆ?

ಸ್ಟೀರಿಂಗ್_ಗೇರ್, ಮೈಸೂರು

ಅಪ್ಪನ ಹೆಸರಲ್ಲೇ ಇದೆ ಅಮ್ಮಾ. ಈಗ ತೆಗೆದು ನೋಡಿದೆ, ಅವಧಿ ಕೂಡ ಮುಗಿದಿದೆ.

ರಿಟೈರ್ಡ್_ಸರ್ವೇಯರ್, ದಾವಣಗೆರೆ

ಅಯ್ಯೋ. ಇದನ್ನು ಮೊದಲೇ ಹೇಳಬಾರದಿತ್ತಾ! ನಾವೆಲ್ಲ ಮದುವೆ ಊಟದ ಲೆಕ್ಕ ಹಾಕುತ್ತಿದ್ದೇವೆ, ಹುಡುಗಿಯೇ ಗೊತ್ತಾಗಿಲ್ಲ.

ಮಾಲೀಕರು ತೀರಿಕೊಂಡರೆ ಚಾಲ್ತಿಯಲ್ಲಿರುವ ಪಾಲಿಸಿ ಮೂರು ತಿಂಗಳು ನಡೆಯುತ್ತದೆ, ಅಥವಾ ಅದರ ಅವಧಿ ಮುಗಿಯುವ ತನಕ. ಯಾವುದು ಮೊದಲೋ ಅದು. ಅಷ್ಟರಲ್ಲಿ ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ತೀರಿಕೊಂಡವರ ಹೆಸರಲ್ಲಿ ಹೊಸ ಪಾಲಿಸಿ ಮಾಡಿಸಿದರೆ ಪ್ರೀಮಿಯಂ ತೆಗೆದುಕೊಳ್ಳುತ್ತಾರೆ, ಕ್ಲೈಮ್ ಬಂದ ದಿನ ಕೈ ಎತ್ತುತ್ತಾರೆ. ಮೊದಲು ಆರ್‌ಟಿಓಗೆ ಹೋಗಿ. ಫಾರಂ 31, ಮರಣ ಪತ್ರ, ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆ. ಆರ್‌ಸಿ ಅವಧಿಯನ್ನೂ ಅಲ್ಲೇ ಕೇಳಿ ಸರಿಮಾಡಿಸಿ. ಅಲ್ಲಿಯ ತನಕ ಕಾರು ಷೆಡ್ಡಿನಲ್ಲೇ ಇರಲಿ. ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಸಿದರೆ ಮೊದಲ ಸಲಕ್ಕೇ 2 ಸಾವಿರ ದಂಡ. ದಂಡ ಬಿಡಿ, ಯಾರಿಗಾದರೂ ತಾಗಿದರೆ ಪರಿಹಾರಕ್ಕೆ ಮನೆ ಮಾರಬೇಕಾಗುತ್ತದೆ.

ಸ್ಟೀರಿಂಗ್_ಗೇರ್, ಮೈಸೂರು (ಎರಡೂವರೆ ತಿಂಗಳ ನಂತರ)

ಕೆಲಸ ಮುಗಿಯಿತು!

ಆರ್‌ಟಿಓ ಓಡಾಟಕ್ಕೆ ಏಳು ವಾರ ಹಿಡಿಯಿತು. ಅಕ್ಕ ಶಿವಮೊಗ್ಗದಿಂದ ಬಂದು ಸಹಿ ಹಾಕಿದಳು, ಬದಲಿಗೆ ಕಾರಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು ಅಂತ ಷರತ್ತು. ವಿಂಟೇಜ್ ರಿಜಿಸ್ಟ್ರೇಶನ್ ಸದ್ಯಕ್ಕೆ ಬೇಡ ಅಂದುಕೊಂಡೆ. ಸಾವಿರದ ಏಳುನೂರು ಉಳಿಸಲು ಹೋಗಿ ಬೆಟ್ಟದ ಓಡಾಟ ಕಳೆದುಕೊಳ್ಳಲು ಇಷ್ಟವಿಲ್ಲ.

ಹೆರಾಲ್ಡ್ ಅಮ್ಮ ಹೇಳಿದ ಹಾಗೇ ಆಫೀಸಿಗೆ ನಾನೇ ಹೋದೆ. 4 ಲಕ್ಷ ಕೇಳಿದೆ, 3 ಲಕ್ಷದ 25 ಸಾವಿರಕ್ಕೆ ಒಪ್ಪಿದರು. ಹಳೆ ಟ್ಯಾರಿಫ್ ದರದಲ್ಲಿ ಸ್ವಂತ ಡ್ಯಾಮೇಜ್ ಪ್ರೀಮಿಯಂ 11 ಸಾವಿರದ ಮೇಲಾಗುತ್ತಿತ್ತು, ಡಿಸ್ಕೌಂಟ್ ಹೋಗಿ 7,800. ಥರ್ಡ್ ಪಾರ್ಟಿ, ಅಪಘಾತ ವಿಮೆ, ಟ್ಯಾಕ್ಸ್ ಎಲ್ಲ ಸೇರಿ 13,600 ಚಿಲ್ಲರೆ.

ಒಂದೇ ಎಡವಟ್ಟು ಆಯಿತು. ಬೆಲೆಪತ್ರಕ್ಕೆ ಬಂದ ಸರ್ವೇಯರ್ ಬಿಲ್ಲುಗಳನ್ನೆಲ್ಲ ಊಟದ ಟೇಬಲ್ ಮೇಲೆ ಹರಡಿಕೊಂಡು ಜೋರಾಗಿ ಓದುತ್ತಾ ಕೂಡಿಸಿದರು. ಹೆಂಡತಿ ಕಾಫಿ ತಂದಳು. ಲೋಟ ಇಟ್ಟು ಅಲ್ಲೇ ನಿಂತಳು. ಅವರು "4 ಲಕ್ಷದ 80" ಅಂದರು. ಅವಳು ಏನೂ ಅನ್ನಲಿಲ್ಲ. ಅವರು ಹೋದ ಮೇಲೆ, "ಈ ಸ್ಕೂಟರ್ ತೆಗೆದು ಒಂಬತ್ತು ವರ್ಷ ಆಯಿತು, ಇದರ ಐಡಿವಿ ಎಷ್ಟಿರಬಹುದು?" ಅಂತ ಕೇಳಿದಳು. ಈ ಶನಿವಾರ ಶೋರೂಮಿಗೆ ಹೋಗುತ್ತಿದ್ದೇವೆ.

ಹೆರಾಲ್ಡ್_ಅಮ್ಮ, ಧಾರವಾಡ

ಅವಳಿಗೆ ಅವಳು ಕೇಳಿದ ಬಣ್ಣದ್ದೇ ಕೊಡಿಸು ತಮ್ಮಾ.

ಜೆಸಿ_ರೋಡ್_ಜೀವಿ, ಬೆಂಗಳೂರು

ಇನ್ನೂ ಫೋಟೋ ಬಂದಿಲ್ಲ ಗುರು. ನಾನೂ ನಿನ್ನೆ ಬೆಂಕಿ-ಕಳ್ಳತನದ ಕವರ್ ವಿಚಾರಿಸಿ ಬಂದೆ, ಅಷ್ಟರಮಟ್ಟಿಗೆ ಸೋತೆ ಅಂತಲೇ ಇಟ್ಟುಕೊಳ್ಳಿ. ಆಮೇಲೆ, ಪದ್ಮಿನಿಯ ಎಡಗಡೆ ಹಿಂದಿನ ಲೈಟಿನ ಗಾಜು ಯಾರ ಹತ್ತಿರವಾದರೂ ಇದೆಯಾ? ರಸೀದಿ ಕೊಡುವವರಿಗೆ ಮೊದಲ ಆದ್ಯತೆ.